ಹಳೆಯ ಫೋನಿನಲ್ಲಿ ಜಾಗ ಬಿಡಿಸುವುದು: ಯಾವುದನ್ನು ಮೊದಲು ಅಳಿಸಬೇಕು, ಯಾವುದನ್ನು ಮುಟ್ಟಬಾರದು

ಡಬ್ಬಿಯ ಮೇಲೆ 32 ಜಿಬಿ ಎಂದು ಅಚ್ಚಾಗಿದ್ದರೂ ಅಂಥ ಫೋನಿನಲ್ಲಿ ನಮ್ಮ ಬಳಕೆಗೆ ಮೊದಲ ದಿನ ಉಳಿದಿರುವುದು ಹೆಚ್ಚೆಂದರೆ 20-22 ಜಿಬಿ. ಮಿಕ್ಕದ್ದು ಆಂಡ್ರಾಯ್ಡ್‌ನ ಪಾಲು, ಕಂಪನಿಯವರು ಮೊದಲೇ ತುಂಬಿಕೊಟ್ಟ ಆ್ಯಪ್‌ಗಳ ಪಾಲು. ಐದಾರು ವರ್ಷ ಕಳೆಯುವಷ್ಟರಲ್ಲಿ ಆ ಇಪ್ಪತ್ತೂ ತುಂಬಿ, ‘ಸ್ಟೋರೇಜ್ ಫುಲ್’ ಎಂಬ ಸೂಚನೆ ದಿನವೂ ಕಾಣಿಸಿಕೊಳ್ಳುತ್ತದೆ. ಆಗ ಬಹುತೇಕ ಎಲ್ಲರೂ ಮಾಡುವುದು ಒಂದೇ ಕೆಲಸ: ಗ್ಯಾಲರಿ ತೆರೆದು ಕಣ್ಣಿಗೆ ಬಿದ್ದ ಫೋಟೊಗಳನ್ನು ಅಳಿಸುವುದು. ನೂರು ಫೋಟೊ ಅಳಿಸಿದರೂ ಸಿಗುವುದು 300-400 ಎಂಬಿ. ಎರಡು ದಿನಕ್ಕೆ ಮತ್ತೆ ಅದೇ ಸೂಚನೆ. ಹೋದ ಫೋಟೊ ಮಾತ್ರ ಹೋದಂತೆಯೇ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಯಾವುದನ್ನೇ ಅಳಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದೇ: ಇದು ಬೇರೆಲ್ಲಾದರೂ ಇದೆಯೇ? ಫೇಸ್‌ಬುಕ್ಕಿನ ಕ್ಯಾಶ್, ಅಂದರೆ ಅದು ಫೋನಿನಲ್ಲಿ ಇಟ್ಟುಕೊಂಡ ತಾತ್ಕಾಲಿಕ ಪ್ರತಿ, ಅಳಿಸಿದರೆ ಇಂಟರ್ನೆಟ್ಟಿನಿಂದ ಮತ್ತೆ ಬರುತ್ತದೆ. ಯೂಟ್ಯೂಬಿನಲ್ಲಿ ಇಳಿಸಿಕೊಂಡ ವಿಡಿಯೊ ಮತ್ತೆ ಇಳಿಯುತ್ತದೆ. ತೀರಿಕೊಂಡ ಅಜ್ಜಿಯ ವಾಯ್ಸ್ ಮೆಸೇಜು ಮತ್ತೆ ಬಾರದು. ಆದ್ದರಿಂದ ಮರಳಿ ಬರುವಂಥದ್ದರಿಂದ ಶುರುಮಾಡಿ, ಮರಳಿ ಬಾರದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಎಷ್ಟೋ ಫೋನುಗಳಲ್ಲಿ ಆ ಕೊನೆಯ ಹಂತದವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿನ ವಿವರಗಳೆಲ್ಲ ಆಂಡ್ರಾಯ್ಡ್ ಫೋನುಗಳಿಗೆ ಸಂಬಂಧಿಸಿದವು. ಕಂಪನಿಯಿಂದ ಕಂಪನಿಗೆ ಮೆನುವಿನ ಹೆಸರು ತುಸು ಬದಲಾಗುತ್ತದೆ, ಒಳಗಿನ ವ್ಯವಸ್ಥೆ ಬದಲಾಗುವುದಿಲ್ಲ.

ತುಂಬಿದ ಫೋನ್ ನಿಧಾನವಾಗುವುದೇಕೆ

ಫೋನಿನ ಒಳಗಿರುವುದು ಫ್ಲ್ಯಾಶ್ ಮೆಮೊರಿ. ಇದರಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳು ಸೇರಿದ ಬ್ಲಾಕಿನ ಲೆಕ್ಕದಲ್ಲಿ. ಹತ್ತು ಸಾಲು ಬರೆದ ಸ್ಲೇಟನ್ನು ಊಹಿಸಿಕೊಳ್ಳಿ. ಒಂದೇ ಒಂದು ಸಾಲು ಅಳಿಸಬೇಕಿದ್ದರೂ ಇಡೀ ಸ್ಲೇಟು ತೊಳೆಯಲೇಬೇಕು ಎಂಬ ನಿಯಮವಿದ್ದರೆ, ಬೇಕಾದ ಒಂಬತ್ತು ಸಾಲುಗಳನ್ನು ಮೊದಲು ಇನ್ನೊಂದು ಖಾಲಿ ಸ್ಲೇಟಿಗೆ ಬರೆದುಕೊಳ್ಳಬೇಕು, ಆಮೇಲೆ ಇದನ್ನು ತೊಳೆಯಬೇಕು. ಫೋನ್ ಒಳಗೊಳಗೇ ಮಾಡುತ್ತಿರುವುದು ಇದನ್ನೇ. ಖಾಲಿ ಸ್ಲೇಟುಗಳು ಧಾರಾಳವಾಗಿದ್ದಾಗ ಇದು ನಮ್ಮ ಅರಿವಿಗೇ ಬರುವುದಿಲ್ಲ. ಅವು ಮುಗಿಯುತ್ತಾ ಬಂದಂತೆ ಒಂದು ಫೋಟೊ ಉಳಿಸುವ ಮೊದಲು ಹತ್ತು ಕಡೆ ಜಾಗ ಹೊಂದಿಸಬೇಕಾಗುತ್ತದೆ. ಕ್ಯಾಮೆರಾ ತೆರೆದರೆ ತಡವರಿಸುವುದು, ಕೀಬೋರ್ಡ್ ಮೇಲೇಳದೆ ಸತಾಯಿಸುವುದು ಇದರಿಂದ. ಹಳೆಯ, ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವ ಇಎಂಎಂಸಿ ಎಂಬ ಮೆಮೊರಿ ಹೊಸ ಫೋನುಗಳಲ್ಲಿರುವ ಯುಎಫ್‌ಎಸ್‌ಗಿಂತ ನಿಧಾನದ್ದು. ಹಾಗಾಗಿ ಅವುಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ.

ಜಾಗ 500 ಎಂಬಿಗಿಂತ ಕೆಳಗಿಳಿದಾಗ ಆಂಡ್ರಾಯ್ಡ್ ಎಚ್ಚರಿಕೆ ಕೊಡುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ. 32 ಜಿಬಿ ಫೋನಿನಲ್ಲಿ 4-5 ಜಿಬಿ ಸದಾ ಖಾಲಿ ಇರಬೇಕು. ಆ್ಯಪ್ ಅಪ್‌ಡೇಟ್ ಆಗಲೂ ಜಾಗ ಬೇಕು, ಅದೂ ಪ್ಲೇಸ್ಟೋರ್ ತೋರಿಸುವುದಕ್ಕಿಂತ ಹೆಚ್ಚು. 60 ಎಂಬಿಯ ಆ್ಯಪ್ ಇಳಿದ ಮೇಲೆ, ಅದು ಬೇಗ ತೆರೆದುಕೊಳ್ಳಲೆಂದು ಆಂಡ್ರಾಯ್ಡ್ ಅದರ ಕೋಡನ್ನು ಫೋನಿನ ಪ್ರೊಸೆಸರಿಗೆ ತಕ್ಕಂತೆ ಮತ್ತೊಮ್ಮೆ ರೂಪಿಸಿ ಇಟ್ಟುಕೊಳ್ಳುತ್ತದೆ. 60 ಎಂಬಿ ಅಂದದ್ದು ಫೋನಿನಲ್ಲಿ 150-200 ಆಗುವುದು ಹೀಗೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ನೀವು ಅಳಿಸಿದ್ದು ಮೆಮೊರಿ ಚಿಪ್ಪಿನ ಮಟ್ಟದಲ್ಲಿ ನಿಜವಾಗಿ ತೆರವಾಗುವುದು ಬಹುಮಟ್ಟಿಗೆ ಆಮೇಲೆ, ಫೋನ್ ಚಾರ್ಜಿಗೆ ಹಾಕಿ ಸುಮ್ಮನೆ ಬಿದ್ದಿರುವಾಗ. ಟ್ರಿಮ್ ಎಂಬ ಕೆಲಸ ನಡೆಯುವುದು ಆಗಲೇ. ಜಾಗ ಬಿಡಿಸಿದ ಕೂಡಲೇ ವೇಗ ಬರಲಿಲ್ಲವೆಂದು ಬೇಸರಪಡಬೇಡಿ. ಒಂದು ರಾತ್ರಿ ಚಾರ್ಜಿಗೆ ಹಾಕಿಟ್ಟು ಬೆಳಿಗ್ಗೆ ನೋಡಿ.

ಮೊದಲು ಲೆಕ್ಕ ನೋಡಿ

ಸೆಟ್ಟಿಂಗ್ಸ್ ತೆರೆದು ಸ್ಟೋರೇಜ್‌ಗೆ ಹೋಗಿ. ಆ್ಯಪ್ಸ್, ಇಮೇಜಸ್, ವಿಡಿಯೋಸ್, ಆಡಿಯೊ, ಡಾಕ್ಯುಮೆಂಟ್ಸ್, ಸಿಸ್ಟಮ್ ಎಂದು ವಿಂಗಡಣೆ ಕಾಣುತ್ತದೆ. ಒಂದು ಕಾಗದದಲ್ಲಿ ಇವಿಷ್ಟನ್ನೂ ಬರೆದಿಟ್ಟುಕೊಳ್ಳಿ. ಪ್ರತಿ ಹಂತದ ನಂತರ ಎಷ್ಟು ಇಳಿಯಿತೆಂದು ಹೋಲಿಸಲು ಬೇಕಾಗುತ್ತದೆ.

ಇಲ್ಲಿ ಒಂದು ದಾರಿ ತಪ್ಪಿಸುವ ಸಂಗತಿಯಿದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳಲ್ಲಿ ಇಳಿಸಿಕೊಂಡ ಸಿನಿಮಾ ‘ವಿಡಿಯೋಸ್’ ಲೆಕ್ಕಕ್ಕೆ ಬರುವುದಿಲ್ಲ, ಆಯಾ ಆ್ಯಪ್‌ನ ಗಾತ್ರದೊಳಗೆ ಸೇರಿರುತ್ತದೆ. ಆದ್ದರಿಂದ ಆ್ಯಪ್ಸ್ ಪಟ್ಟಿಯನ್ನು ಗಾತ್ರದ ಕ್ರಮದಲ್ಲಿ ಇಟ್ಟು, ಮೇಲಿನ ಹತ್ತನ್ನು ಒಂದೊಂದಾಗಿ ತೆರೆದು ನೋಡಿ. ಪ್ರತಿಯೊಂದರಲ್ಲೂ ಆ್ಯಪ್ ಸೈಜ್, ಯೂಸರ್ ಡೇಟಾ, ಕ್ಯಾಶ್ ಎಂಬ ಮೂರು ಅಂಕಿಗಳಿರುತ್ತವೆ. ಅಲ್ಲೇ ಎರಡು ಬಟನ್‌ಗಳು: ಕ್ಲಿಯರ್ ಕ್ಯಾಶ್ ಮತ್ತು ಕ್ಲಿಯರ್ ಸ್ಟೋರೇಜ್. ಎರಡನೆಯದಕ್ಕೆ ಕೆಲವು ಫೋನುಗಳಲ್ಲಿ ಕ್ಲಿಯರ್ ಡೇಟಾ ಎಂಬ ಹೆಸರು.

ಈ ಎರಡು ಬಟನ್‌ಗಳ ನಡುವಿನ ಅಂತರ ತಿಳಿಯದೆಯೇ ದೊಡ್ಡ ನಷ್ಟಗಳಾಗುವುದು. ಕ್ಯಾಶ್ ಎಂದರೆ ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ತಾತ್ಕಾಲಿಕ ಪ್ರತಿ. ಅದನ್ನು ಅಳಿಸಿದರೆ ಲಾಗಿನ್ ಹೋಗುವುದಿಲ್ಲ, ಏನೂ ಕಳೆದುಹೋಗುವುದಿಲ್ಲ. ಕ್ಲಿಯರ್ ಸ್ಟೋರೇಜ್ ಒತ್ತಿದರೆ ಆ್ಯಪ್ ಈಗಷ್ಟೇ ಹಾಕಿದ ಸ್ಥಿತಿಗೆ ಹೋಗುತ್ತದೆ. ಫೋನ್‌ಪೇ, ಗೂಗಲ್ ಪೇಗಳಲ್ಲಿ ಮತ್ತೆ ಸಿಮ್ ಪರಿಶೀಲನೆಯಿಂದ ಶುರುಮಾಡಬೇಕು. ಟಿಪ್ಪಣಿ ಬರೆದಿಟ್ಟ ನೋಟ್ಸ್ ಆ್ಯಪ್ ಆನ್‌ಲೈನ್ ಖಾತೆಗೆ ಜೋಡಣೆಯಾಗಿಲ್ಲದಿದ್ದರೆ ಟಿಪ್ಪಣಿಗಳೆಲ್ಲ ಹೋದವು. ಎರಡು ಹಂತದ ಲಾಗಿನ್‌ಗೆ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಒತ್ತಿದರಂತೂ ಇಮೇಲಿನ ಬಾಗಿಲೇ ಮುಚ್ಚಿಹೋದೀತು. ವಾಟ್ಸ್‌ಆ್ಯಪ್, ಬ್ಯಾಂಕ್ ಆ್ಯಪ್‌ಗಳು, ನೋಟ್ಸ್, ರೆಕಾರ್ಡರ್, ಅಥೆಂಟಿಕೇಟರ್, ಗೂಗಲ್ ಪ್ಲೇ ಸರ್ವೀಸಸ್ ಇವುಗಳಲ್ಲಿ ಕ್ಯಾಶ್ ಅಳಿಸಿ, ಎರಡನೆಯ ಬಟನ್ನನ್ನು ಮುಟ್ಟಬೇಡಿ.

ಕ್ಯಾಶ್ ಅಳಿಸಿ ಒಮ್ಮೆಗೇ 2-3 ಜಿಬಿ ಸಿಕ್ಕರೂ ಅದು ಉಳಿಯುವ ಗಳಿಕೆಯಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕುಗಳ ಕ್ಯಾಶ್ ವಾರದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಮುಂದಿನ ಕೆಲಸ ಮಾಡಲು ಬೇಕಾದ ಉಸಿರಾಟದ ಜಾಗ ಎಂದಷ್ಟೇ ತಿಳಿಯಿರಿ. ದಿನವೂ ಕ್ಯಾಶ್ ಅಳಿಸುವ ಅಭ್ಯಾಸದಿಂದ ಅದೇ ಚಿತ್ರಗಳನ್ನು ಮತ್ತೆ ಮತ್ತೆ ಇಳಿಸಿಕೊಂಡು ಡೇಟಾ ಖರ್ಚಾಗುತ್ತದೆ, ಮೆಮೊರಿಯೂ ಸವೆಯುತ್ತದೆ.

ಟೆಲಿಗ್ರಾಂ ಮಾತ್ರ ಬೇರೆ. ಅದರ ಫೈಲುಗಳು ಟೆಲಿಗ್ರಾಂನ ಸರ್ವರಿನಲ್ಲಿಯೇ ಇರುತ್ತವೆ, ಫೋನಿನಲ್ಲಿರುವುದು ಪ್ರತಿ. ಸೆಟ್ಟಿಂಗ್ಸ್, ಡೇಟಾ ಅಂಡ್ ಸ್ಟೋರೇಜ್, ಸ್ಟೋರೇಜ್ ಯೂಸೇಜ್ ಎಂದು ಹೋಗಿ ಕ್ಯಾಶ್ ಅಳಿಸಿ. ಸಿನಿಮಾ ಚಾನೆಲ್‌ಗಳನ್ನು ನೋಡುವವರ ಫೋನಿನಲ್ಲಿ ಇದೊಂದರಿಂದಲೇ ಹಲವು ಜಿಬಿ ಸಿಗುತ್ತದೆ. ಅಲ್ಲೇ ‘ಕೀಪ್ ಮೀಡಿಯಾ’ ಎಂಬುದನ್ನು ಒಂದು ವಾರಕ್ಕೆ ಇಳಿಸಿಬಿಟ್ಟರೆ ಮುಂದೆ ತಾನಾಗಿಯೇ ಅಳಿಯುತ್ತಾ ಹೋಗುತ್ತದೆ.

ವಾಟ್ಸ್‌ಆ್ಯಪ್: ನಿಜವಾದ ಭಾರ ಎಲ್ಲಿದೆ

ನಮ್ಮ ಊರುಗಳ ಫೋನುಗಳಲ್ಲಿ ಜಾಗ ತಿನ್ನುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ದೂರು ಹೊರುವುದು ಮಾತ್ರ ಶುಭೋದಯದ ಚಿತ್ರಗಳು. ಲೆಕ್ಕ ಹಾಕಿ ನೋಡೋಣ. ಹೂವು, ದೇವರ ಪಟ, ಸುಭಾಷಿತ ಇರುವ ಚಿತ್ರವೊಂದು ಸುಮಾರು 150 ಕೆಬಿ. ದಿನಕ್ಕೆ ಹತ್ತು ಬಂದರೂ ವರ್ಷಕ್ಕೆ ಅರ್ಧ ಜಿಬಿ ಚಿಲ್ಲರೆ. ದಿನಕ್ಕೆ 8 ಎಂಬಿಯ ಎರಡು ವಿಡಿಯೊ ಬಂದರೆ ವರ್ಷಕ್ಕೆ 5.8 ಜಿಬಿ. ಹಿಂಡಿಹೋಗದಿರಲಿ ಎಂದು ಯಾರಾದರೂ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದ ಮದುವೆಯ ವಿಡಿಯೊ ಒಂದೇ ಅರ್ಧ ಜಿಬಿ ಇರಬಹುದು. ಚಿತ್ರಗಳನ್ನು ಒಂದೊಂದಾಗಿ ಹೆಕ್ಕಿ ಅಳಿಸುತ್ತಾ ಸಂಜೆ ಕಳೆಯುವುದಕ್ಕಿಂತ ಇಪ್ಪತ್ತು ದೊಡ್ಡ ವಿಡಿಯೊ ಹುಡುಕಿ ತೆಗೆಯುವುದು ಲೇಸು.

ಅದಕ್ಕೆ ದಾರಿ: ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಮೇಲೆ ‘5 ಎಂಬಿಗಿಂತ ದೊಡ್ಡವು’ ಮತ್ತು ‘ಹಲವು ಬಾರಿ ಫಾರ್ವರ್ಡ್ ಆದವು’ ಎಂಬ ಎರಡು ಗುಂಪು, ಕೆಳಗೆ ಯಾವ ಚಾಟ್ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ. ಹಲವು ಬಾರಿ ಫಾರ್ವರ್ಡ್ ಆದವುಗಳಲ್ಲಿ ನಿಮ್ಮ ಮನೆಯದು, ನಿಮಗಾಗಿ ಬಂದದ್ದು ಇರುವ ಸಂಭವ ತೀರಾ ಕಡಿಮೆ. ಅಲ್ಲಿಂದಲೇ ಶುರುಮಾಡಿ. ಒಂದೇ ವಿಡಿಯೊ ಮೂರು ಗುಂಪುಗಳಲ್ಲಿ ಬಂದಿದ್ದರೆ ‘ಎಲ್ಲ ಪ್ರತಿಗಳನ್ನೂ ಅಳಿಸು’ ಎಂಬ ಆಯ್ಕೆ ಬರುತ್ತದೆ. ಅದನ್ನೇ ಒತ್ತಬೇಕು. ಒಂದು ಪ್ರತಿ ಉಳಿದರೂ ಜಾಗ ಬಿಡುಗಡೆಯಾಗುವುದಿಲ್ಲ. ಅಳಿಸಿದೆ, ಅಂಕಿ ಇಳಿಯಲಿಲ್ಲ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಪಟ್ಟಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಎರಡು ಮೂರು ದೊಡ್ಡ ಗುಂಪುಗಳಿರುತ್ತವೆ: ಅಪಾರ್ಟ್‌ಮೆಂಟಿನದು, ಶಾಲೆಯದು, ಹಳೆಯ ವಿದ್ಯಾರ್ಥಿಗಳದು. ಅಂಥ ಗುಂಪಿನ ಎಲ್ಲವನ್ನೂ ತೆಗೆಯುವುದಿದ್ದರೆ, ಮೊದಲು ಚಾಟ್ ತೆರೆದು ಬೇಕಾದ ಮೆಸೇಜುಗಳಿಗೆ ಸ್ಟಾರ್ ಹಾಕಿ. ಆಮೇಲೆ ಕ್ಲಿಯರ್ ಚಾಟ್ ಕೊಡುವಾಗ ಸ್ಟಾರ್ ಹಾಕಿದವನ್ನೂ ಅಳಿಸು ಎಂಬ ಗುರುತನ್ನು ತೆಗೆದುಬಿಡಿ. ವಾಯ್ಸ್ ಮೆಸೇಜುಗಳು ಗಾತ್ರದಲ್ಲಿ ಅತಿ ಚಿಕ್ಕವು. ಅವನ್ನು ಅಳಿಸಿ ಸಿಗುವುದು ಏನೇನೂ ಅಲ್ಲ, ಕಳೆದುಕೊಳ್ಳುವುದು ಮನುಷ್ಯರ ದನಿ. ಹಾಗೆಯೇ ಬಿಡಿ.

ಇನ್ನು ಗ್ಯಾಲರಿಯಲ್ಲಿ ಕಾಣಿಸದ ಗೋದಾಮು. ನೀವು ಗ್ಯಾಲರಿಯಿಂದ ಒಂದು ಫೋಟೊ ಕಳಿಸಿದಾಗಲೆಲ್ಲ ವಾಟ್ಸ್‌ಆ್ಯಪ್ ಅದರ ಇನ್ನೊಂದು, ಹಿಂಡಿದ ಪ್ರತಿಯನ್ನು ‘ಸೆಂಟ್’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಗ್ಯಾಲರಿಗೆ ಇದನ್ನು ತೋರಿಸಬೇಡವೆಂಬ ಸೂಚನೆಯೂ ಅಲ್ಲೇ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಫೈಲ್ಸ್ ಆ್ಯಪ್ ತೆರೆದು ಆಂಡ್ರಾಯ್ಡ್, ಮೀಡಿಯಾ, ಕಾಮ್.ವಾಟ್ಸ್‌ಆ್ಯಪ್, ವಾಟ್ಸ್‌ಆ್ಯಪ್, ಮೀಡಿಯಾ ಎಂಬ ದಾರಿಯಲ್ಲಿ ಒಳಗೆ ಹೋಗಿ. ವಾಟ್ಸ್‌ಆ್ಯಪ್ ವಿಡಿಯೊ, ವಾಟ್ಸ್‌ಆ್ಯಪ್ ಇಮೇಜಸ್, ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್, ಪ್ರತಿಯೊಂದರೊಳಗೂ ಒಂದು ಸೆಂಟ್ ಫೋಲ್ಡರ್ ಇದೆ. ಮೂಲ ಫೋಟೊ ಕ್ಯಾಮೆರಾದ ಡಿಸಿಐಎಂ ಫೋಲ್ಡರಿನಲ್ಲಿ ಇದ್ದೇ ಇರುವುದರಿಂದ ಇವನ್ನು ತೆಗೆದರೆ ನಷ್ಟವಿಲ್ಲ. ಒಂದು ಎಚ್ಚರಿಕೆ ಬೇಕು: ವಾಟ್ಸ್‌ಆ್ಯಪ್ ಒಳಗಿನ ಕ್ಯಾಮೆರಾದಿಂದಲೇ ತೆಗೆದು ಕಳಿಸಿದ ಚಿತ್ರಗಳಿಗೆ ಡಿಸಿಐಎಂನಲ್ಲಿ ಮೂಲ ಇರುವುದಿಲ್ಲ. ಆ ಅಭ್ಯಾಸವಿದ್ದವರು ಸೆಂಟ್ ಫೋಲ್ಡರನ್ನು ಒಮ್ಮೆ ಸರಸರನೆ ನೋಡಿ, ಬೇಕಾದವನ್ನು ಬೇರೆ ಕಡೆಗೆ ಸರಿಸಿದ ಮೇಲೆಯೇ ಅಳಿಸಬೇಕು.

ಅದೇ ದಾರಿಯಲ್ಲಿ ಮೀಡಿಯಾದ ಪಕ್ಕದಲ್ಲಿರುವುದು ಡೇಟಾಬೇಸಸ್ ಫೋಲ್ಡರ್. ದಿನವೂ ನಸುಕಿನ ಎರಡು ಗಂಟೆಗೆ ಚಾಟ್‌ಗಳ ಬ್ಯಾಕಪ್ ಇಲ್ಲಿ ಉಳಿಯುತ್ತದೆ. ಹೆಸರಿನಲ್ಲಿ ತಾರೀಖು ಇರುವ ಹಳೆಯ ಫೈಲುಗಳನ್ನು ಅಳಿಸಿದರೆ ತೊಂದರೆಯಿಲ್ಲ, ತಾರೀಖಿಲ್ಲದ ಫೈಲು ಇತ್ತೀಚಿನದು, ಅದು ಇರಲಿ. 2021ರ ಆಸುಪಾಸಿನಲ್ಲಿ ವಾಟ್ಸ್‌ಆ್ಯಪ್ ತನ್ನ ಫೋಲ್ಡರನ್ನು ಹೊರಗಿನಿಂದ ಈ ಒಳದಾರಿಗೆ ಸರಿಸಿಕೊಂಡಿತು. ಅದಕ್ಕಿಂತ ಹಳೆಯ ಕೆಲವು ಫೋನುಗಳಲ್ಲಿ ಮೊದಲಿನ ‘ವಾಟ್ಸ್‌ಆ್ಯಪ್’ ಫೋಲ್ಡರ್ ಇನ್ನೂ ಹೊರಗೇ ಉಳಿದಿರುತ್ತದೆ. ಅದರಲ್ಲಿ ಏನಿದೆ ಎಂದು ನೋಡಿ.

ಫೋಲ್ಡರಿಗೆ ಹೋಗಿ ನೇರವಾಗಿ ಅಳಿಸಿದ ಫೈಲು ಚಾಟ್‌ನಲ್ಲಿ ಮಸುಕಾದ ಚಿತ್ರವಾಗಿ ಉಳಿಯುತ್ತದೆ. ಮತ್ತೆ ಇಳಿಸಿಕೊಳ್ಳಲು ಹೋದರೆ, ಹಳೆಯದಾಗಿದ್ದಲ್ಲಿ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಸರ್ವರು ಮೀಡಿಯಾವನ್ನು ಟೆಲಿಗ್ರಾಂನಂತೆ ಕಾದಿಡುವುದಿಲ್ಲ.

ನಲ್ಲಿ ತೆರೆದೇ ಇಟ್ಟು ನೆಲ ಒರೆಸಿ ಉಪಯೋಗವಿಲ್ಲ. ಸ್ಟೋರೇಜ್ ಅಂಡ್ ಡೇಟಾದಲ್ಲೇ ಕೆಳಗೆ ಮೀಡಿಯಾ ಆಟೊ-ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ವಿಡಿಯೊದ ಗುರುತು ತೆಗೆಯಿರಿ. ವೈಫೈ ಸಾಲಿನಲ್ಲಿ ಅದು ಆನ್ ಆಗಿಯೇ ಇರುವುದರಿಂದ, ಮನೆಗೆ ವೈಫೈ ಬಂದ ಮೇಲೆ ಫೋನ್ ತುಂಬುವ ವೇಗ ಏರಿದ್ದು ಅನೇಕರ ಗಮನಕ್ಕೇ ಬಂದಿರುವುದಿಲ್ಲ.

ಫೋಟೊ, ವಿಡಿಯೊ: ಇಲ್ಲಿ ಅವಸರ ಬೇಡ

ಗೂಗಲ್ ಫೋಟೋಸ್ ಬಳಸುವವರು ಮೊದಲು ತಿಳಿಯಬೇಕಾದ್ದು: ಬ್ಯಾಕಪ್ ಆನ್ ಇರುವಾಗ ಆ ಆ್ಯಪ್‌ನಲ್ಲಿ ಒಂದು ಫೋಟೊ ಅಳಿಸಿದರೆ ಅದು ಫೋನಿನಿಂದಲೂ ಹೋಗುತ್ತದೆ, ಗೂಗಲ್ ಖಾತೆಯಿಂದಲೂ ಹೋಗುತ್ತದೆ. ‘ಬ್ಯಾಕಪ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ವರ್ಷಗಳ ನೆನಪು ಕಳೆದುಕೊಳ್ಳುವುದು ಹೀಗೆಯೇ. ಫೋನಿನ ಪ್ರತಿಯನ್ನಷ್ಟೇ ತೆಗೆಯಲು ಪ್ರೊಫೈಲ್ ಚಿತ್ರ ಒತ್ತಿ ‘ಫ್ರೀ ಅಪ್ ಸ್ಪೇಸ್’ ಆರಿಸಬೇಕು. ಸುರಕ್ಷಿತವಾಗಿ ಬ್ಯಾಕಪ್ ಆದವನ್ನು ಮಾತ್ರ ಅದು ಫೋನಿನಿಂದ ತೆಗೆಯುತ್ತದೆ. ಒತ್ತುವ ಮೊದಲು ಬೇರೊಂದು ಕಂಪ್ಯೂಟರಿನಲ್ಲೋ ಮನೆಯವರ ಫೋನಿನಲ್ಲೋ ನಿಮ್ಮ ಖಾತೆಗೆ ಲಾಗಿನ್ ಆಗಿ, ಹಳೆಯ ನಾಲ್ಕೈದು ಫೋಟೊ ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಿ.

ಬ್ಯಾಕಪ್‌ಗೆ ತಾನಾಗಿಯೇ ಹೋಗುವುದು ಕ್ಯಾಮೆರಾದ ಫೋಲ್ಡರ್ ಮಾತ್ರ. ವಾಟ್ಸ್‌ಆ್ಯಪ್ ಇಮೇಜಸ್, ಸ್ಕ್ರೀನ್‌ಶಾಟ್ಸ್, ಡೌನ್‌ಲೋಡ್ಸ್ ಬೇಕಿದ್ದರೆ ‘ಬ್ಯಾಕಪ್ ಡಿವೈಸ್ ಫೋಲ್ಡರ್ಸ್’ನಲ್ಲಿ ಪ್ರತ್ಯೇಕವಾಗಿ ಆನ್ ಮಾಡಬೇಕು. ಇನ್ನು ಗೂಗಲ್ಲಿನ ಉಚಿತ 15 ಜಿಬಿ ಜೀಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಫೋಟೊಗಳೂ, 2024ರಿಂದ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಈ ಲೆಕ್ಕಕ್ಕೆ ಸೇರಿವೆ. 15 ತುಂಬಿದ ದಿನ ಬ್ಯಾಕಪ್ ಸದ್ದಿಲ್ಲದೆ ನಿಂತಿರುತ್ತದೆ, ಇಮೇಲ್ ಬರುವುದೂ ನಿಲ್ಲಬಹುದು. ವಾಟ್ಸ್‌ಆ್ಯಪ್ ಬ್ಯಾಕಪ್‌ನಲ್ಲಿ ‘ಇನ್‌ಕ್ಲೂಡ್ ವಿಡಿಯೋಸ್’ ತೆಗೆದರೆ ಅದರ ಭಾರ ಬಹಳ ಇಳಿಯುತ್ತದೆ.

ಫೋನಿನ ಕ್ಯಾಮೆರಾದ ವಿಡಿಯೊಗಳೇ ದೊಡ್ಡ ಕೊಳ್ಳೆ. ಸಾಮಾನ್ಯ 1080ಪಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 130 ಎಂಬಿ, 4ಕೆಯಲ್ಲಿ 350ರ ಮೇಲೆ, 720ಪಿಯಲ್ಲಿ 60ರಷ್ಟು. ಮಕ್ಕಳ ಶಾಲಾ ವಾರ್ಷಿಕೋತ್ಸವದ ಅರ್ಧ ಗಂಟೆಯ ನೃತ್ಯ, ನಾಟಕವನ್ನು 1080ಪಿಯಲ್ಲಿ ಹಿಡಿದರೆ 4 ಜಿಬಿ ಹೋಯಿತು. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್‌ಇವಿಸಿ ಅಥವಾ ‘ಹೈ ಎಫಿಶಿಯನ್ಸಿ’ ಎಂಬ ಆಯ್ಕೆಯಿದ್ದರೆ ಆನ್ ಮಾಡಿ, ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಜಾಗ ಸಾಕಾಗುತ್ತದೆ. ತೀರಾ ಹಳೆಯ ಟಿವಿ, ಕಂಪ್ಯೂಟರುಗಳು ಆ ವಿಡಿಯೊ ಓಡಿಸಲಾರವು ಎಂಬುದೊಂದೇ ಕೊರತೆ. 48 ಅಥವಾ 50 ಮೆಗಾಪಿಕ್ಸೆಲ್ ಮೋಡ್‌ನಲ್ಲಿ ಒಂದೊಂದು ಫೋಟೊ 10 ಎಂಬಿ ದಾಟುತ್ತದೆ, ದಿನಬಳಕೆಗೆ ಅದು ಬೇಕಾಗಿಲ್ಲ.

ಅಳಿಸಿದ ಮೇಲೂ ಅಂಕಿ ಕದಲದಿದ್ದರೆ ಟ್ರ್ಯಾಶ್ ನೋಡಿ. ಗ್ಯಾಲರಿ, ಗೂಗಲ್ ಫೋಟೋಸ್, ಫೈಲ್ಸ್ ಆ್ಯಪ್ ಒಂದೊಂದಕ್ಕೂ ತನ್ನದೇ ಕಸದ ಬುಟ್ಟಿಯಿದೆ. ಸಾಮಾನ್ಯವಾಗಿ 30 ದಿನ ಅಲ್ಲೇ ಉಳಿದು ಪೂರ್ತಿ ಜಾಗ ಹಿಡಿದಿರುತ್ತದೆ. ಖಚಿತವಾಗಿ ಬೇಡವಾದದ್ದನ್ನು ಅಲ್ಲಿಂದಲೂ ಖಾಲಿ ಮಾಡಿದರಷ್ಟೇ ಜಾಗ ಸಿಗುವುದು.

ಮರೆತುಹೋದ ಮೂಲೆಗಳು

ಕಾಲ್ ರೆಕಾರ್ಡಿಂಗ್ ಇವುಗಳಲ್ಲಿ ಮೊದಲನೆಯದು. ಹಲವು ಕಂಪನಿಗಳ ಹಳೆಯ ಫೋನುಗಳಲ್ಲಿ ಪ್ರತಿ ಕರೆಯನ್ನೂ ತಾನಾಗಿಯೇ ರೆಕಾರ್ಡ್ ಮಾಡುವ ಸೌಲಭ್ಯವಿತ್ತು. ಒಮ್ಮೆ ಆನ್ ಮಾಡಿ ಮರೆತವರು ಬಹಳ. ಸೆಕೆಂಡಿಗೆ 64 ಕಿಲೋಬಿಟ್ ದರದ ರೆಕಾರ್ಡಿಂಗ್ ಗಂಟೆಗೆ 29 ಎಂಬಿ ಹಿಡಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಮಾತಾಡುವವರಿಗೆ ವರ್ಷಕ್ಕೆ 5 ಜಿಬಿ ಮೀರಿತು. ಫೈಲ್ಸ್ ಆ್ಯಪ್‌ನ ಆಡಿಯೊ ವಿಭಾಗದಲ್ಲಿ, ಇಲ್ಲವೇ ರೆಕಾರ್ಡಿಂಗ್ಸ್ ಫೋಲ್ಡರಿನಲ್ಲಿ ಇವು ಸಿಗುತ್ತವೆ. ಶಿಯೋಮಿ ಫೋನುಗಳಲ್ಲಿ ಎಂಐಯುಐ ಫೋಲ್ಡರಿನೊಳಗಿನ ಸೌಂಡ್ ರೆಕಾರ್ಡರ್‌ನಲ್ಲಿ ನೋಡಿ. ಜಮೀನು, ಹಣಕಾಸಿನ ಮಾತುಕತೆಗಳಿದ್ದರೆ ಅವನ್ನು ಬೇರೆಡೆ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯಿರಿ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಶೇರ್‌ಇಟ್, ಝೆಂಡರ್, ಯುಸಿ ಬ್ರೌಸರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್ ಅದರಲ್ಲಿದ್ದವು. ಆ್ಯಪ್‌ಗಳನ್ನು ತೆಗೆದುಹಾಕಿದರೂ, ಅದಕ್ಕಿಂತ ಹಿಂದಿನ ಫೋನುಗಳಲ್ಲಿ ಅವು ಮಾಡಿಟ್ಟ ಫೋಲ್ಡರುಗಳು, ಗೆಳೆಯರಿಂದ ಪಡೆದ ಸಿನಿಮಾಗಳ ಸಮೇತ ಹಾಗೆಯೇ ಕುಳಿತಿರುತ್ತವೆ. ಆಂಡ್ರಾಯ್ಡ್‌ನ ಹಳೆಯ ಆವೃತ್ತಿಗಳಲ್ಲಿ ಆ್ಯಪ್ ತೆಗೆದಾಗ ಅದು ಹೊರಗೆ ಮಾಡಿಕೊಂಡ ಫೋಲ್ಡರ್ ಅಳಿಯುತ್ತಿರಲಿಲ್ಲ. ಇಂಟರ್ನಲ್ ಸ್ಟೋರೇಜಿನ ಮೊದಲ ಪುಟದಲ್ಲೇ ಆ ಹೆಸರುಗಳು ಕಾಣುತ್ತವೆ. ಅದೇ ಪುಟದಲ್ಲಿ ‘ಆಂಡ್ರಾಯ್ಡ್’ ಮತ್ತು ‘ಡಿಸಿಐಎಂ’ ಎಂಬ ಎರಡನ್ನು ಯಾವ ಕಾರಣಕ್ಕೂ ಇಡಿಯಾಗಿ ಅಳಿಸಬೇಡಿ.

ಡೌನ್‌ಲೋಡ್ಸ್‌ನಲ್ಲಿ ಗಾತ್ರಕ್ಕಿಂತ ಗೊಂದಲವೇ ಹೆಚ್ಚು: ಒಂದೇ ಆಧಾರ್ ಪಿಡಿಎಫ್‌ನ ಆರು ಪ್ರತಿ, ಪಹಣಿ, ರೈಲು ಟಿಕೆಟ್, ವಿದ್ಯುತ್ ಬಿಲ್ಲು. ಗಾತ್ರದ ಕ್ರಮದಲ್ಲಿ ಜೋಡಿಸಿ ಮೇಲಿನ ಎಪಿಕೆ (ಆ್ಯಪ್ ಹಾಕಲು ಬಳಸಿದ ಫೈಲು), ಜಿಪ್ ಫೈಲುಗಳನ್ನು ತೆಗೆದರೆ ಸಾಕು.

ಆ್ಯಪ್‌ಗಳು

ಪ್ಲೇಸ್ಟೋರ್‌ನಲ್ಲಿ ಪ್ರೊಫೈಲ್ ಚಿತ್ರ, ಮ್ಯಾನೇಜ್ ಆ್ಯಪ್ಸ್ ಅಂಡ್ ಡಿವೈಸ್, ಮ್ಯಾನೇಜ್ ಎಂದು ಹೋದರೆ ‘ಬಹಳ ಕಾಲ ಬಳಸದವು’ ಎಂಬ ಕ್ರಮದಲ್ಲಿ ಪಟ್ಟಿ ಸಿಗುತ್ತದೆ. ಕಂಪನಿಯವರೇ ಹಾಕಿಕೊಟ್ಟ, ತೆಗೆಯಲು ಬಾರದ ಆ್ಯಪ್‌ಗಳ ಮರ್ಮ ಬೇರೆ. ಅವುಗಳ ಮೂಲ ಪ್ರತಿ ನಾವು ಮುಟ್ಟಲಾಗದ ಸಿಸ್ಟಮ್ ಭಾಗದಲ್ಲಿರುತ್ತದೆ, ಪ್ರತಿ ಅಪ್‌ಡೇಟ್ ನಮ್ಮ ಪಾಲಿನ ಜಾಗಕ್ಕೆ ಬಂದು ಕೂರುತ್ತದೆ. ಅಂದರೆ ಒಂದೇ ಆ್ಯಪ್ ಎರಡು ಸಲ ಇದೆ. ಬಳಸದ ಇಂಥ ಆ್ಯಪ್‌ನ ಆ್ಯಪ್ ಇನ್ಫೋ ತೆರೆದು, ಮೂರು ಚುಕ್ಕೆ ಒತ್ತಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಕೊಡಿ, ಬಳಿಕ ಡಿಸೇಬಲ್ ಮಾಡಿ. ಸಿನಿಮಾ, ಆಟ, ಥೀಮ್, ಕಂಪನಿಯ ಬ್ರೌಸರ್ ಇವುಗಳಿಂದಲೇ ಅರ್ಧದಿಂದ ಒಂದು ಜಿಬಿ ಸಿಗುವುದುಂಟು. ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ, ಕ್ರೋಮ್, ಪ್ಲೇ ಸರ್ವೀಸಸ್‌ಗಳಿಗೆ ಮಾತ್ರ ಹೀಗೆ ಮಾಡಬೇಡಿ. ಬ್ಯಾಂಕ್ ಆ್ಯಪ್ ಸೇರಿ ಹಲವು ಆ್ಯಪ್‌ಗಳು ತಮ್ಮ ಪುಟ ತೋರಿಸಲು ಅವನ್ನೇ ನೆಚ್ಚಿರುತ್ತವೆ. ಅವು ಹಳೆಯದಾದರೆ ಭದ್ರತೆಗೂ ಕುತ್ತು.

ವರ್ಷಕ್ಕೆ ಎರಡು ಸಲ ಬೇಕಾಗುವ ಟಿಕೆಟ್ ಬುಕಿಂಗ್, ಶಾಪಿಂಗ್‌ಗಳಿಗೆ ಆ್ಯಪ್ ಬೇಡ, ಬ್ರೌಸರಿನಲ್ಲೇ ಆಗುತ್ತದೆ. ಪ್ಲೇಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳನ್ನು ತಾನಾಗಿಯೇ ಆರ್ಕೈವ್ ಮಾಡುವ ಆಯ್ಕೆಯೂ ಇದೆ. ಐಕಾನ್, ನಿಮ್ಮ ಮಾಹಿತಿ ಉಳಿದು ಆ್ಯಪ್ ಮಾತ್ರ ಹೋಗುತ್ತದೆ, ಒತ್ತಿದರೆ ಮತ್ತೆ ಇಳಿಯುತ್ತದೆ.

ಫೋನ್ ಕ್ಲೀನರ್, ಬೂಸ್ಟರ್ ಎಂಬ ಹೆಸರಿನ ಆ್ಯಪ್‌ಗಳನ್ನು ಹಾಕಬೇಡಿ. ಅವು ಮಾಡುವುದು ಕ್ಯಾಶ್ ಅಳಿಸುವ ಕೆಲಸ, ಅದನ್ನು ನೀವೇ ಮಾಡಬಲ್ಲಿರಿ. ಪ್ರತಿಯಾಗಿ ಅವು ಫೋನಿನ ಎಲ್ಲ ಫೈಲು ನೋಡುವ ಅನುಮತಿ ಪಡೆಯುತ್ತವೆ, ಜಾಹೀರಾತು ತುಂಬುತ್ತವೆ. ಸಹಾಯ ಬೇಕೆನಿಸಿದರೆ ಗೂಗಲ್‌ನ ಫೈಲ್ಸ್ ಆ್ಯಪ್ ಸಾಕು.

ಕಾರ್ಡು, ಪೆನ್‌ಡ್ರೈವ್, ಕಂಪ್ಯೂಟರ್

ಮೆಮೊರಿ ಕಾರ್ಡ್ ಹಾಕುವ ಜಾಗವಿದ್ದರೆ ಎ1 (ಆ್ಯಪ್‌ಗಳಿಗೂ ಸಾಕಾಗುವ ವೇಗ) ಗುರುತಿನ, ಬಿಲ್ ಸಮೇತ ಸಿಗುವ 64 ಅಥವಾ 128 ಜಿಬಿ ಕಾರ್ಡು ತನ್ನಿ. ನಿಮ್ಮ ಫೋನ್ ಎಷ್ಟು ಜಿಬಿವರೆಗೆ ಒಪ್ಪುತ್ತದೆಂದು ಮೊದಲು ನೋಡಿ. ಸಿಮ್, ಕಾರ್ಡು ಒಂದೇ ಜಾಗ ಹಂಚಿಕೊಳ್ಳುವ ಹೈಬ್ರಿಡ್ ಟ್ರೇ ಆಗಿದ್ದರೆ ಎರಡನೆಯ ಸಿಮ್ ಬಿಡಬೇಕಾಗುತ್ತದೆ. ಮಾರುಕಟ್ಟೆಯಲ್ಲಿ ನಕಲಿ ಕಾರ್ಡುಗಳು ಬಹಳ: ಹೊರಗೆ 128 ಎಂದಿರುತ್ತದೆ, ಒಳಗೆ 8 ಇರುತ್ತದೆ. ಎಂಟು ದಾಟಿದ ಮೇಲೆ ಬರೆದದ್ದೆಲ್ಲ ಹಾಳು. ವಿಂಡೋಸ್ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ, ಓದಿಸಿ ನೋಡಿದರೆ ನಿಜ ಹೊರಬೀಳುತ್ತದೆ. ಗಂಟೆಗಟ್ಟಲೆ ಹಿಡಿದರೂ ಫೋಟೊ ತುಂಬುವ ಮೊದಲು ಮಾಡಲೇಬೇಕಾದ ಪರೀಕ್ಷೆ ಇದು.

ಕಾರ್ಡ್ ಹಾಕಿದಾಗ ಪೋರ್ಟಬಲ್ ಅಥವಾ ಇಂಟರ್ನಲ್ ಎಂದು ಫೋನ್ ಕೇಳಿದರೆ ಪೋರ್ಟಬಲ್ ಆರಿಸಿ. ಇಂಟರ್ನಲ್ ಎಂದರೆ ಕಾರ್ಡು ಆ ಫೋನಿಗೆ ಮಾತ್ರ ಓದಲು ಬರುವಂತೆ ಗೂಢಲಿಪಿಗೆ ತಿರುಗುತ್ತದೆ. ಫೋನ್ ಕೆಟ್ಟರೆ ಕಾರ್ಡಿನಲ್ಲಿದ್ದದ್ದೂ ಹೋಯಿತು. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಉಳಿಸುವ ಜಾಗವನ್ನು ಎಸ್‌ಡಿ ಕಾರ್ಡ್‌ಗೆ ಬದಲಾಯಿಸಿ. ಕಾರ್ಡುಗಳು ಮುನ್ಸೂಚನೆಯಿಲ್ಲದೆ ಕೆಡುವುದರಿಂದ, ಕಾರ್ಡಿಗೆ ಸರಿಸಿದ್ದನ್ನು ಬ್ಯಾಕಪ್ ಎಂದು ಎಣಿಸಬೇಡಿ.

ಕಾರ್ಡಿನ ಜಾಗವಿಲ್ಲದವರಿಗೆ ಫೋನಿಗೇ ನೇರವಾಗಿ ಚುಚ್ಚುವ ಒಟಿಜಿ ಪೆನ್‌ಡ್ರೈವ್. ಚುಚ್ಚಿದರೂ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಒಟಿಜಿ’ ಎಂದು ಹುಡುಕಿ. ಒಪ್ಪೊ, ರಿಯಲ್‌ಮಿ, ಒನ್‌ಪ್ಲಸ್ ಫೋನುಗಳಲ್ಲಿ ಅದನ್ನು ಕೈಯಾರೆ ಆನ್ ಮಾಡಬೇಕು, ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಆದ ಡ್ರೈವನ್ನು ಹಲವು ಫೋನುಗಳು ಓದವು. ಎಫ್‌ಎಟಿ32ರಲ್ಲಿ ಓದುತ್ತವೆ, ಆದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರಲ್ಲಿ ಹಿಡಿಯುವುದಿಲ್ಲ.

ಕಂಪ್ಯೂಟರಿಗಾದರೆ ಕೇಬಲ್ ಜೋಡಿಸಿ, ನೋಟಿಫಿಕೇಶನ್ನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಆ ಆಯ್ಕೆಯೇ ಬರದಿದ್ದರೆ ಕೇಬಲ್ ಚಾರ್ಜಿಂಗ್‌ಗೆ ಮಾತ್ರದ್ದು, ಬೇರೆ ಕೇಬಲ್ ನೋಡಿ. ಎಲ್ಲಿಗೇ ಸಾಗಿಸಿದರೂ ‘ಕಟ್’ ಅಲ್ಲ, ‘ಕಾಪಿ’ ಮಾಡಿ. ನಡುವೆ ಕೇಬಲ್ ಅಲುಗಿದರೆ ಕಟ್ ಮಾಡಿದ ಫೈಲು ಎರಡೂ ಕಡೆ ಇಲ್ಲದಂತಾದೀತು. ಇಡೀ ಡಿಸಿಐಎಂ ಒಮ್ಮೆಗೇ ಎಳೆಯಬೇಡಿ, 2-3 ಜಿಬಿಯಂತೆ ಕಂತು ಮಾಡಿ. ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ತಾಳೆಯಾದ ಮೇಲೆ, ಅಲ್ಲಲ್ಲಿ ಹತ್ತು ಫೋಟೊ ತೆರೆದು ನೋಡಿ, ಬಳಿಕ ಫೋನಿನಿಂದ ಅಳಿಸಿ.

ಇಷ್ಟಾದರೂ ಸಿಸ್ಟಮ್ ಅಥವಾ ‘ಅದರ್’ ಎಂಬ ಭಾಗವೇ ಉಬ್ಬಿಕೊಂಡು ಜಾಗ ಸಿಗದಿದ್ದರೆ, ಎಲ್ಲವನ್ನೂ ಅಳಿಸಿ ಫೋನನ್ನು ಹೊಸದರಂತೆ ಮಾಡುವ ಫ್ಯಾಕ್ಟರಿ ರೀಸೆಟ್ ಉಳಿಯುತ್ತದೆ. ಅದಕ್ಕೆ ಒಂದು ಭಾನುವಾರ ಮೀಸಲಿಡಿ. ಫೋಟೊಗಳಲ್ಲದೆ ವಾಟ್ಸ್‌ಆ್ಯಪ್‌ನ ಬ್ಯಾಕಪ್, ಸಿಮ್‌ನಲ್ಲೋ ಫೋನಿನಲ್ಲೋ ಮಾತ್ರ ಉಳಿಸಿದ ನಂಬರುಗಳು, ಕಾಲ್ ರೆಕಾರ್ಡಿಂಗ್, ಅಥೆಂಟಿಕೇಟರ್ ಕೋಡುಗಳನ್ನು ಹೊರಗೆ ತೆಗೆದುಕೊಂಡಿರಬೇಕು. ನಂಬರುಗಳನ್ನು ಕಾಂಟ್ಯಾಕ್ಟ್ಸ್ ಆ್ಯಪ್‌ನ ‘ಎಕ್ಸ್‌ಪೋರ್ಟ್’ನಿಂದ ಒಂದೇ ಫೈಲಾಗಿ ಪಡೆಯಬಹುದು. ಫೋನಿನಲ್ಲಿರುವ ಗೂಗಲ್ ಖಾತೆಯ ಪಾಸ್‌ವರ್ಡನ್ನು ಬೇರೆ ಸಾಧನದಲ್ಲಿ ಹಾಕಿ, ಸರಿಯಿದೆಯೇ ಎಂದು ಮೊದಲೇ ನೋಡಿ. ರೀಸೆಟ್ ಆದ ಫೋನ್ ಕಳ್ಳತನದ ಭಯದಿಂದ ಅದೇ ಪಾಸ್‌ವರ್ಡ್ ಕೇಳಬಹುದು, ನೆನಪಿಲ್ಲದಿದ್ದರೆ ಫೋನ್ ತೆರೆಯುವುದೇ ಇಲ್ಲ. ಮತ್ತೆ ಶುರುವಾಗುವಾಗ ಹಳೆಯ ಆ್ಯಪ್‌ಗಳನ್ನೆಲ್ಲ ಮರಳಿ ತರಲೇ ಎಂದು ಫೋನ್ ಕೇಳುತ್ತದೆ. ಅಲ್ಲಿ ಎಲ್ಲದರ ಗುರುತು ತೆಗೆದು, ಈ ತಿಂಗಳು ನಿಜವಾಗಿ ತೆರೆದಿದ್ದ ಹತ್ತು ಹದಿನೈದಕ್ಕೆ ಮಾತ್ರ ಗುರುತು ಹಾಕಿ. ವಾಟ್ಸ್‌ಆ್ಯಪ್‌ಗೆ ಲಾಗಿನ್ ಆದ ಕೂಡಲೇ, ಗುಂಪುಗಳಿಂದ ಮೊದಲ ವಿಡಿಯೊ ಇಳಿಯುವ ಮುನ್ನವೇ, ಆಟೊ-ಡೌನ್‌ಲೋಡ್ ಆಫ್ ಮಾಡಿ.